ವಾರಂಟಿ ರಿಪೇರಿ ತಡವಾದರೆ: ಆ '30 ದಿನ' ಎಲ್ಲಿಂದ ಬಂತು?

ಈ ಟಿಪ್ಪಣಿಯನ್ನು ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ಬೇರೆ ದಾರಿ ಇರಲಿಲ್ಲ. ನನ್ನ ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿಗೆ ಹೋಗಿ ಇವತ್ತಿಗೆ 41 ದಿನ. ಗ್ರಾಹಕ ಕಾನೂನು ಇದೇ ಸೆಮಿಸ್ಟರಿಗೆ ಇದೆ, ಹಾಗಾಗಿ ಓದಿದ್ದನ್ನು ನನ್ನ ಕೇಸಿಗೇ ಹಚ್ಚಿ ನೋಡೋಣ ಅಂತ ಕೂತೆ. ಎರಡು ಸಂಜೆ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡೆ. ಪರೀಕ್ಷೆಗೆ ಓದುತ್ತಿರುವ ನೀವೂ ಅಲ್ಲೇ ಎಡವಬಹುದು.

ಕಾಯ್ದೆ ಯಾವುದು ಅಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿಗೆ ಬಂತು, 1986ರ ಹಳೆಯದು ಹೋಯಿತು. 'ಗ್ರಾಹಕ' ಅಂದರೆ ಯಾರು ಅನ್ನುವುದು ಮೊದಲ ಕ್ಲಾಸಿನಲ್ಲೇ ಆಗಿದೆ, ಬಿಡಿ.

ಮೂರು 30ಗಳ ಗೋಜಲು

"30 ದಿನದಲ್ಲಿ ರಿಪೇರಿ ಆಗದಿದ್ದರೆ ಹೊಸದು ಕೊಡಲೇಬೇಕು, ಅದು ಕಾನೂನು." ಈ ಮಾತನ್ನು ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ನಾನೂ ನಂಬಿದ್ದೆ. 31ನೇ ದಿನ ಸರ್ವಿಸ್ ಸೆಂಟರಿಗೆ ಹೋಗಿ ಜೋರಾಗಿ ಹೇಳಿಯೂ ಬಂದೆ. ಕೌಂಟರಿನಲ್ಲಿದ್ದವರು "ಯಾವ ಸೆಕ್ಷನ್ ಸಾರ್?" ಅಂದರು. ಸುಮ್ನೆ ಮನೆಗೆ ಬಂದೆ.

ಆಮೇಲೆ ಕಾಯ್ದೆ ತೆಗೆದು ಹುಡುಕಿದೆ. 30 ಸಿಕ್ಕಿತು. ಒಂದಲ್ಲ, ಜಾಸ್ತಿಯೇ ಸಿಕ್ಕಿತು.

ಮೊದಲನೆಯದು ಸೆಕ್ಷನ್ 2(47)ರಲ್ಲಿ, ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯೊಳಗೆ. ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ. ಎಷ್ಟು ದಿನದೊಳಗೆ ಕೊಡಬೇಕು? ಬಿಲ್ಲಿನಲ್ಲಿ ಬರೆದಷ್ಟು ದಿನದೊಳಗೆ, ಬಿಲ್ಲಿನಲ್ಲಿ ಏನೂ ಇಲ್ಲದಿದ್ದರೆ 30 ದಿನದೊಳಗೆ. ಇದನ್ನು ನೋಡಿ "ಸಿಕ್ಕಿತು!" ಅಂತ ಕುಣಿದೆ. ಮತ್ತೆ ನಿಧಾನವಾಗಿ ಓದಿದಾಗ ಪೆಟ್ಟು ಬಿತ್ತು. ಇಲ್ಲಿರುವ ಕ್ರಿಯಾಪದ 'ರಿಪೇರಿ' ಅಲ್ಲ, 'ವಾಪಸ್ ತೆಗೆದುಕೊಳ್ಳುವುದು'. ನಾನು ಎಣಿಸುತ್ತಿದ್ದದ್ದು ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟ ದಿನದಿಂದ. ನಾನು ಹಣ ವಾಪಸ್ ಕೇಳಿಯೇ ಇರಲಿಲ್ಲ! ಕೇಳದ್ದನ್ನು ಅವರು ನಿರಾಕರಿಸಿದರು ಅನ್ನಲು ಬರುತ್ತದೆಯೇ?

ಎರಡನೆಯ 30 ಸೆಕ್ಷನ್ 38ರಲ್ಲಿದೆ. ದೂರಿನ ನೋಟಿಸ್ ಮುಟ್ಟಿದ ಮೇಲೆ ಎದುರುದಾರರು, ಅಂದರೆ ಯಾರ ಮೇಲೆ ದೂರೋ ಅವರು, ಉತ್ತರ ಕೊಡಲು 30 ದಿನ. ದೂರು ವಿಚಾರಿಸುವ ಗ್ರಾಹಕ ಆಯೋಗ ಬಯಸಿದರೆ ಇನ್ನೂ 15 ದಿನ ಕೊಡಬಹುದು. ಅಲ್ಲಿಗೆ ಮುಗಿಯಿತು. ಈ 45 ದಿನ ದಾಟುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ, ಹಳೆಯ ಕಾಯ್ದೆಯ ಕೇಸೊಂದರಲ್ಲಿ ಹೇಳಿದೆ. ಪರೀಕ್ಷೆಗೆ ಒಳ್ಳೆಯ ಪಾಯಿಂಟು. ಆದರೆ ರಿಪೇರಿಗೂ ಇದಕ್ಕೂ ಸಂಬಂಧವಿಲ್ಲ.

ಮೂರನೆಯದು ನಮ್ಮದೇ ಅಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ, ಕೊಂಡ 30 ದಿನದೊಳಗೆ ಕೆಟ್ಟ ವಸ್ತುವನ್ನು ತಿರಸ್ಕರಿಸಿ ಹಣ ಪಡೆಯುವ ಹಕ್ಕಿದೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ವಾದ ಮಾಡಿದರೆ ನಡೆಯುವುದಿಲ್ಲ.

ಅಂದರೆ ನಮ್ಮ ಕಾಯ್ದೆಯಲ್ಲಿ ವಾರಂಟಿ ರಿಪೇರಿಗೆ ಇಷ್ಟೇ ದಿನ ಅನ್ನುವ ಅಂಕಿಯೇ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಸಂಜೆ ಬೇಕಾಯಿತು.

ಅಂಕಿ ಇಲ್ಲದಿದ್ದರೆ ಏನಿದೆ?

'ಸಮಂಜಸ ಕಾಲ' ಇದೆ. ಇದರ ಬೇರು 1872ರ ಕರಾರು ಕಾಯ್ದೆಯ ಸೆಕ್ಷನ್ 46ರಲ್ಲಿದೆ. ಕೆಲಸ ಯಾವಾಗ ಮುಗಿಸಬೇಕು ಅಂತ ಕರಾರಿನಲ್ಲಿ ಬರೆದಿಲ್ಲದಿದ್ದರೆ ಸಮಂಜಸ ಕಾಲದಲ್ಲಿ ಮುಗಿಸಬೇಕು. ಎಷ್ಟು ಅಂದರೆ ಸಮಂಜಸ? ಅದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ಹೇಳಬೇಕಾದದ್ದು ಅಂತ ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ.

ಮೊದಲಿಗೆ ಇದು ಜಾರಿಕೆಯ ಉತ್ತರ ಅನ್ನಿಸಿತು. ಈಗ ಹಾಗನ್ನಿಸುತ್ತಿಲ್ಲ. ಕಾನೂನು ಖಾಲಿ ಬಿಟ್ಟ ಜಾಗವನ್ನು ನಾವೇ ತುಂಬಬಹುದು, ಅಲ್ವಾ? ನನ್ನ ಜಾಬ್ ಶೀಟಿನಲ್ಲಿ (ರಿಪೇರಿಗೆ ಕೊಟ್ಟಾಗ ಸರ್ವಿಸ್ ಸೆಂಟರಿನವರು ಕೊಡುವ ಚೀಟಿ) "7 ದಿನ" ಅಂತ ಅವರೇ ಬರೆದಿದ್ದಾರೆ. ಬೇಕಾದ ಬಿಡಿಭಾಗ ಎರಡು ವಾರದಲ್ಲಿ ಬರುತ್ತದೆ ಅಂತ ಮೆಸೇಜ್ ಕಳಿಸಿದ್ದಾರೆ. ಅವರು ಹೇಳಿದ ದಿನವೇ ಅವರಿಗೆ ಅಳತೆಗೋಲು. ಅದರ ಮೇಲೆ ನಾನು ಒಂದು ಪತ್ರ ಬರೆದೆ: ಇಷ್ಟು ದಿನ ಆಗಿದೆ, ಇನ್ನು 15 ದಿನದೊಳಗೆ ರಿಪೇರಿ ಮಾಡಿ ಕೊಡಿ, ಇಲ್ಲವೇ ಬದಲಿ ಕೊಡಿ, ಅದೂ ಆಗದಿದ್ದರೆ ಹಣ ವಾಪಸ್ ಕೊಡಿ. ಈಗ ನಾನು ಹಣ ಕೇಳಿದ್ದೇನೆ! ಮೇಲಿನ ಮೊದಲನೆಯ 30ಕ್ಕೂ ಈಗ ಒಂದು ನೆಲೆ ಸಿಕ್ಕಿತು. ಪತ್ರವನ್ನು ಮಾರಿದವರಿಗೂ ತಯಾರಿಸಿದ ಕಂಪನಿಗೂ ಕಳಿಸಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಗ್ಯಾರಂಟಿ.

"ಫ್ರೀ ರಿಪೇರಿ ತಾನೇ?"

ಇದು ಕೇಳಲು ಸಣ್ಣ ಮಾತು, ಆದರೆ ಒಳಗೆ ಬಲೆ ಇದೆ. ಸೆಕ್ಷನ್ 2(42)ರ ಪ್ರಕಾರ ಪುಕ್ಕಟೆ ಕೊಡುವ ಸೇವೆ 'ಸೇವೆ'ಯೇ ಅಲ್ಲ, ಅದರ ಮೇಲೆ ದೂರು ನಿಲ್ಲುವುದಿಲ್ಲ. ಹಾಗಾದರೆ ವಾರಂಟಿ ರಿಪೇರಿ? ಅದು ಪುಕ್ಕಟೆ ಅಲ್ಲ. ಅದರ ದುಡ್ಡನ್ನು ಲ್ಯಾಪ್‌ಟಾಪ್ ಕೊಂಡ ದಿನವೇ ಬೆಲೆಯೊಳಗೆ ಸೇರಿಸಿ ಕೊಟ್ಟಾಗಿದೆ. ಹಾಗಾಗಿ ತಡ ಮಾಡಿದರೆ ಅದು ಸೆಕ್ಷನ್ 2(11)ರ ಸೇವಾ ನ್ಯೂನತೆ, ಅಂದರೆ ಸೇವೆಯಲ್ಲಿನ ಕೊರತೆ. ವಸ್ತುವಿನಲ್ಲಿರುವ ದೋಷ ಬೇರೆ, ಅದು 2(10).

ಈ ಎರಡನ್ನು ಬೇರೆ ಮಾಡಿ ನೋಡಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ತಯಾರಿಕೆಯಲ್ಲೇ ದೋಷ ಇದೆ ಅಂತ ವಾದಿಸಿದರೆ ಆಯೋಗ ವಸ್ತುವನ್ನು ಲ್ಯಾಬಿಗೆ ಕಳಿಸಬಹುದು. ವರದಿಗೆ 45 ದಿನ, ಪರೀಕ್ಷೆಯ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ತಡವಾಗಿದೆ ಅಂತ ತೋರಿಸಲು ಲ್ಯಾಬ್ ಬೇಡ, ಕ್ಯಾಲೆಂಡರ್ ಸಾಕು. ದೂರಿನಲ್ಲಿ ಎರಡನ್ನೂ ಬರೆಯಿರಿ, ಆದರೆ ಭಾರ ತಡದ ಮೇಲೆ ಹಾಕಿ. ಇದು ನನ್ನ ಅಭಿಪ್ರಾಯ.

ಹಾಗೇ, 'ಉತ್ಪನ್ನ ಹೊಣೆಗಾರಿಕೆ' ಅನ್ನುವ ಹೊಸ ಅಧ್ಯಾಯ ನೋಡಿ ಅಲ್ಲಿಗೆ ಓಡಬೇಡಿ. ಅಲ್ಲಿ 'ಹಾನಿ' ಅಂದರೆ ಆ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ. ಬ್ಯಾಟರಿ ಸಿಡಿದು ಕೈ ಸುಟ್ಟರೆ ಆ ಅಧ್ಯಾಯ. ಲ್ಯಾಪ್‌ಟಾಪ್ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಅಲ್ಲ.

ಕ್ಯಾಲೆಂಡರ್ ಕಾಯುವುದು ಹೇಗೆ

ತಾರೀಖೇ ಸಾಕ್ಷಿ ಅಂದಮೇಲೆ ತಾರೀಖು ಅಳಿಸುವ ಆಟವೂ ಇರುತ್ತದೆ. 19ನೇ ದಿನ ನನಗೆ ಫೋನ್ ಬಂತು: "ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರುತ್ತೆ, ಹೇಳಿ ಸಾರ್." ಹೇಳಿಬಿಟ್ಟೆ. ಮರುಕ್ಷಣ ಮೆಸೇಜ್: ದೂರು ಬಗೆಹರಿದಿದೆ, ಧನ್ಯವಾದ! ಲ್ಯಾಪ್‌ಟಾಪ್ ಮಾತ್ರ ಅಲ್ಲೇ ಇತ್ತು. ಕೇಳಿದರೆ ಹೊಸ ನಂಬರ್ ಕೊಟ್ಟು, ಹೊಸ ತಾರೀಖು ಹಾಕಿದರು. ಅವರ ಕಂಪ್ಯೂಟರಿನ ಪ್ರಕಾರ ನನ್ನ ದೂರಿಗೆ ಈಗ 22 ದಿನ ಅಷ್ಟೇ.

ಹಾಗಾಗಿ ವಸ್ತು ಕೈಗೆ ಬಂದು, ಆನ್ ಮಾಡಿ ನೋಡುವವರೆಗೆ ಓಟಿಪಿ ಹೇಳಬೇಡಿ. ಮೊದಲ ಜಾಬ್ ಶೀಟನ್ನು ವಾಪಸ್ ಕೇಳಿದರೆ ಫೋಟೋ ತೆಗೆಯದೆ ಕೊಡಬೇಡಿ. ಫೋನಿನಲ್ಲಿ ಏನೇ ಹೇಳಿದರೂ, ಅದೇ ದಿನ "ನೀವು ಹೀಗೆ ಹೇಳಿದಿರಿ" ಅಂತ ಈಮೇಲ್ ಹಾಕಿ. ಅವರು ಉತ್ತರಿಸದಿದ್ದರೂ ತಾರೀಖು ಉಳಿಯುತ್ತದೆ. ನನ್ನ ಹಳೆಯ ಜಾಬ್ ಶೀಟ್ ಅದೃಷ್ಟಕ್ಕೆ ಬ್ಯಾಗಿನಲ್ಲೇ ಇತ್ತು.

ಆಯೋಗ, ಬೇಗ ಬೇಗ

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಕೊಡಲಾರರು, ಕಂಪನಿಗೆ ದೂರು ತಲುಪಿಸುತ್ತಾರೆ. ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲಿಗೇ ಹೋಗಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಇದು 2019ರ ಕಾಯ್ದೆಯ ದೊಡ್ಡ ಅನುಕೂಲ. ವಕೀಲರು ಬೇಕೇ ಬೇಕು ಅಂತಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಸೆಕ್ಷನ್ 69. ಏನು ಕೇಳಬಹುದು ಅನ್ನುವುದು ಸೆಕ್ಷನ್ 39ರಲ್ಲಿದೆ: ದೋಷ ಸರಿಪಡಿಸುವುದು, ಬದಲಿ, ಬಡ್ಡಿ ಸಮೇತ ಹಣ, ಪರಿಹಾರ. ಲ್ಯಾಬ್ ಪರೀಕ್ಷೆ ಬೇಡದ ಕೇಸನ್ನು ಎದುರುದಾರರಿಗೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. 'ಪ್ರಯತ್ನಿಸಬೇಕು' ಅನ್ನುವ ಪದಕ್ಕೆ ನಾನು ಕೆಂಪು ಗೆರೆ ಎಳೆದಿದ್ದೇನೆ.

ನನ್ನ 15 ದಿನದ ಗಡುವಿಗೆ ಇನ್ನು ಆರು ದಿನ ಬಾಕಿ. ಇವತ್ತು ಮಧ್ಯಾಹ್ನ ಮತ್ತೆ ಓಟಿಪಿ ಕೇಳಿದರು. ಕೊಡಲಿಲ್ಲ.