ಬಣ್ಣ ನೋಡಿ ನುಸಿಗೆ ಔಷಧಿ ಹೊಡೆಯಬೇಡಿ

ಪ್ರಶ್ನೆ: ಬದನೆ ಎಲೆಯ ಅಡಿಯಲ್ಲಿ ಸಣ್ಣ ಕೆಂಪು ನುಸಿಗಳು ಓಡಾಡುತ್ತಿವೆ. ಕೆಲವು ಬೆಳ್ಳಗೂ ಇವೆ. ಇದರಲ್ಲಿ ಬೆಳೆ ತಿನ್ನುವ ನುಸಿ ಯಾವುದು, ನುಸಿಯನ್ನೇ ತಿನ್ನುವ ನುಸಿ ಯಾವುದು? ಕೆಂಪಗಿರುವುದು ಕೆಟ್ಟದ್ದು ಅಲ್ವಾ?
– ಪಾಂಡವಪುರ ತಾಲ್ಲೂಕಿನ ರೈತರೊಬ್ಬರು

ಉತ್ತರ: ಫೆಬ್ರವರಿ ಮುಗಿದು ಬಿಸಿಲು ಏರಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಶ್ರೀರಂಗಪಟ್ಟಣದಿಂದ ಬೆಂಡೆ ಹಾಕಿದವರು ಕೇಳುತ್ತಾರೆ. ನಂಜನಗೂಡಿನಿಂದ ಟೊಮೆಟೊ ಹಾಕಿದವರು ಕೇಳುತ್ತಾರೆ. ಮಳವಳ್ಳಿಯಿಂದ ಹಿಪ್ಪುನೇರಳೆ ಬೆಳೆಯುವವರೂ ಕೇಳುತ್ತಾರೆ. ಬೆಳೆ ಬೇರೆ ಬೇರೆ, ಪ್ರಶ್ನೆ ಒಂದೇ. ಕೊನೆಗೆ ಸೇರಿಸುವ ಮಾತೂ ಒಂದೇ: ಕೆಂಪಗಿರುವುದು ಕೆಟ್ಟದ್ದು ಅಲ್ವಾ?

ಅಲ್ಲ. ಹಿಂದೆಯೂ ಅಲ್ಲ ಅಂತಲೇ ಹೇಳಿದ್ದೆ. ಒಂದು ಸಾಲಿನಲ್ಲಿ ಹೇಳಿದರೆ ಯಾರ ಮನಸ್ಸಿಗೂ ಹತ್ತುವುದಿಲ್ಲ ಎಂದು ಕಾಣುತ್ತದೆ. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಈ ನಂಬಿಕೆ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಹಸಿರು ಎಲೆಯ ಮೇಲೆ ಕೆಂಪು ಬೇಗ ಕಣ್ಣಿಗೆ ಬೀಳುತ್ತದೆ, ತಿಳಿ ಹಸಿರು ಬೀಳುವುದಿಲ್ಲ. ಎಲೆ ಬಿಳಿಚಿಕೊಂಡಾಗ ನಾವು ತಿರುಗಿಸಿ ನೋಡುತ್ತೇವೆ. ಕಣ್ಣಿಗೆ ಬಿದ್ದದ್ದರ ಮೇಲೆ ತಪ್ಪು ಹೊರಿಸುತ್ತೇವೆ. ಅಂಗಡಿಯಲ್ಲಿ 'ಕೆಂಪು ನುಸಿ ಬಂದಿದೆ' ಅಂದರೆ ಸಾಕು, ಡಬ್ಬ ಕೈಗೆ ಬರುತ್ತದೆ.

ಈಗ ಒಂದೊಂದಾಗಿ ನೋಡಿ. ತರಕಾರಿಗಳಲ್ಲಿ ಅತಿ ಹೆಚ್ಚು ಹಾವಳಿ ಮಾಡುವುದು ಜೇಡ ನುಸಿಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು ಎರಡು ಚುಕ್ಕೆ ನುಸಿ, ಅಂದರೆ ಟೆಟ್ರಾನೈಕಸ್ ಉರ್ಟಿಸೇ. ಇದು ಬಹಳ ಸಲ ಕೆಂಪಗೇ ಇರುವುದಿಲ್ಲ. ತಿಳಿ ಹಸಿರು ಮಿಶ್ರಿತ ಹಳದಿ ಮೈ, ಎರಡೂ ಪಕ್ಕದಲ್ಲಿ ಒಂದೊಂದು ಕಪ್ಪು ಚುಕ್ಕೆ. ಆ ಚುಕ್ಕೆ ಚರ್ಮದ ಬಣ್ಣವಲ್ಲ. ತಿಂದ ಎಲೆಯ ರಸ ಹೊಟ್ಟೆಯೊಳಗಿಂದ ಕಾಣುತ್ತಿರುತ್ತದೆ, ಅಷ್ಟೇ. ಇದೇ ಪ್ರಭೇದದಲ್ಲಿ ಕೆಂಪು ಬಣ್ಣದವೂ ಇವೆ. ಈಗಷ್ಟೇ ಮೊಟ್ಟೆಯಿಂದ ಬಂದ ಮರಿಗೆ ಬಣ್ಣವೇ ಇಲ್ಲ. ಒಂದೇ ನುಸಿ, ಎಷ್ಟು ಬಣ್ಣ ನೋಡಿ.

ಮೆಣಸಿನಕಾಯಿ ಗಿಡಕ್ಕೆ ಬನ್ನಿ. ಎಲೆಯ ಅಂಚು ಕೆಳಕ್ಕೆ ಮುದುರಿಸಿ, ತೊಟ್ಟು ಉದ್ದ ಮಾಡಿ, ಗಿಡವನ್ನೇ ಮುರುಟಿಸುವ ನುಸಿ ಬಿಳಿ ಹಳದಿ ಬಣ್ಣದ್ದು. ಬರಿಗಣ್ಣಿಗೆ ಕಾಣುವುದು ಕಷ್ಟ, ಉದ್ದ ಸುಮಾರು 0.2 ಮಿಲಿಮೀಟರ್. 'ಬೆಳ್ಳಗಿದ್ದರೆ ಒಳ್ಳೆಯದು' ಎಂಬ ಲೆಕ್ಕದಲ್ಲಿ ಹೋದರೆ ಇದನ್ನು ಸಾಕಬೇಕಾಗುತ್ತದೆ. ತೆಂಗಿನ ನುಸಿಯಂತೂ ಎಲ್ಲರಿಗೂ ಗೊತ್ತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಬಂದು ಮಂಡ್ಯ, ಮೈಸೂರಿನ ತೋಟದವರನ್ನು ಕಂಗೆಡಿಸಿದ್ದು ಇನ್ನೂ ಯಾರೂ ಮರೆತಿಲ್ಲ. ಅದೂ ಬಿಳಿಯೇ. ಎಳೆ ಕಾಯಿಯ ತೊಟ್ಟಿನ ಪಕಳೆಗಳ ಅಡಿಯಲ್ಲಿ ಕೂತು ರಸ ಹೀರುವ, ಹುಳುವಿನಂತೆ ಉದ್ದ ಮೈಯ, ನಾಲ್ಕೇ ಕಾಲಿನ ನುಸಿ.

ಇನ್ನು ನಮ್ಮ ಪರವಾದವು. ಪರಭಕ್ಷಕ ನುಸಿಗಳಲ್ಲಿ, ಅಂದರೆ ನುಸಿಯನ್ನೇ ತಿನ್ನುವ ನುಸಿಗಳಲ್ಲಿ, ಮುಖ್ಯ ಕುಟುಂಬ ಫೈಟೋಸಿಯಿಡೇ. ಇವುಗಳ ಮೈ ಚರ್ಮ ತೆಳು, ಒಳಗಿನ ಊಟ ಹೊರಗೆ ಕಾಣುತ್ತದೆ. ಹಸಿದಿದ್ದಾಗ ಬಿಳಿ ಅಥವಾ ತಿಳಿ ಹಳದಿ. ಕೆಂಪು ಜೇಡ ನುಸಿಯನ್ನು ಹೀರಿದ ಮೇಲೆ ಎಲೆಯಡಿಕೆ ಹಾಕಿದವರ ಬಾಯಿಯ ಹಾಗೆ ಕೆಂಪಾಗುತ್ತದೆ. ಪರಾಗ ತಿಂದರೆ ಮತ್ತೆ ಬಿಳಿ. ಬೇರೆ ದೇಶಗಳಲ್ಲಿ 1960ರ ದಶಕದ ಕೊನೆಯಿಂದ ಸಾಕಿ ಮಾರುತ್ತಿರುವ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬುದು ಕಿತ್ತಳೆ ಕೆಂಪು. ಅನಿಸ್ಟಿಡೇ ಕುಟುಂಬದ ನುಸಿಗಳು ಕಡು ಕೆಂಪು, ಎಲೆ ಮೇಲೆ ಸುತ್ತಿ ಸುತ್ತಿ ಓಡುತ್ತವೆ, ಅವೂ ಬೇಟೆಗಾರರೇ. ಕುನಾಕ್ಸಿಡೇ ಕುಟುಂಬದಲ್ಲೂ ಕೆಂಪು ಬಹಳ.

ಅಂದರೆ ಕೆಟ್ಟವುಗಳಲ್ಲಿ ಬಿಳಿ, ಹಳದಿ, ಹಸಿರು, ಕೆಂಪು ನಾಲ್ಕೂ ಇವೆ. ಒಳ್ಳೆಯವುಗಳಲ್ಲಿ ಬಿಳಿ, ಹಳದಿ, ಕಿತ್ತಳೆ, ಕೆಂಪು ಇವೆ. ಬಣ್ಣದಿಂದ ಏನು ಗೊತ್ತಾಯಿತು ಹೇಳಿ?

ಇದು ಬರೀ ಪಾಠದ ವಿಷಯವಲ್ಲ, ಜೇಬಿನ ವಿಷಯ. ಕೆಂಪಗೆ ಓಡುವುದನ್ನು ಕಂಡು ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿ ಹೊಡೆದಿರಿ ಅಂದುಕೊಳ್ಳಿ. ಓಡಾಡುವ ಪರಭಕ್ಷಕ ಮೊದಲು ಸಾಯುತ್ತದೆ. ಜೇಡ ನುಸಿ ಬಲೆಯ ಅಡಿಯಲ್ಲಿ ಕೂತಿರುತ್ತದೆ, ಮೊಟ್ಟೆಗಳಿಗೆ ಏನೂ ಆಗುವುದಿಲ್ಲ. ಬಿಸಿಲು ಜೋರಾಗಿದ್ದರೆ ಮೊಟ್ಟೆಯಿಂದ ದೊಡ್ಡದಾಗಲು ಅದಕ್ಕೆ 8ರಿಂದ 10 ದಿನ ಸಾಕು. ಅಷ್ಟರಲ್ಲಿ ತಿನ್ನುವವರು ಯಾರೂ ಉಳಿದಿರುವುದಿಲ್ಲ. ಎಲೆ ಮತ್ತೆ ಬಿಳಿಚುತ್ತದೆ. ಆಗ ಡೋಸು ಜಾಸ್ತಿ ಮಾಡಿ ಇನ್ನೊಂದು ಸಲ ಹೊಡೆಯುತ್ತೀರಿ. ಪೈರೆಥ್ರಾಯ್ಡ್ ಹೊಡೆದ ಮೇಲೆ ಜೇಡ ನುಸಿ ಉಲ್ಬಣಿಸುವುದು ಬೆಳೆ ಸಂರಕ್ಷಣೆಯಲ್ಲಿ ಹಳೆಯ ಪಾಠ. ಬದನೆಗೆ ಕಾಯಿಕೊರಕದ ಕಾರಣಕ್ಕೆ ಮೇಲಿಂದ ಮೇಲೆ ಹೊಡೆಯುವ ಕಡೆ ನುಸಿ ಯಾಕೆ ಬಿಡುವುದಿಲ್ಲ ಎಂದು ಕೇಳುವವರಿಗೂ ಇದೇ ಉತ್ತರ.

ಹಾಗಾದರೆ ಏನು ನೋಡಬೇಕು? 10 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈ ಲೆನ್ಸ್ ಇಟ್ಟುಕೊಳ್ಳಿ. ಬೆಳಗ್ಗೆ ಎಲೆ ಕಿತ್ತು, ಅಡಿಭಾಗ ಮೇಲೆ ಮಾಡಿ, ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು ಎಲೆಯನ್ನು ಹತ್ತಿರ ತನ್ನಿ. ಸುಮ್ನೆ ಒಂದು ನಿಮಿಷ ನೋಡಿ. ಅವಸರ ಬೇಡ.

ಜೇಡ ನುಸಿ ಗುಂಪಾಗಿ ಕೂತಿರುತ್ತದೆ. ಮೈ ದುಂಡು, ಬೆನ್ನ ಮೇಲೆ ಕೂದಲು ಎದ್ದು ಕಾಣುತ್ತದೆ. ಮುಟ್ಟಿದರೆ ನಿಧಾನಕ್ಕೆ ಸರಿಯುತ್ತದೆ. ಸುತ್ತ ತೆಳು ಬಲೆ, ಬಲೆಗೆ ಅಂಟಿದ ಬಿಳಿ ಪೊರೆಗಳು, ಅವುಗಳ ನಡುವೆ ಪೂರ್ತಿ ಗುಂಡಗಿನ ಮೊಟ್ಟೆ.

ಪರಭಕ್ಷಕ ಒಂಟಿಯಾಗಿ ಓಡುತ್ತಿರುತ್ತದೆ. ಮೈ ನುಣುಪು, ಹೊಳಪು, ಮುಂದೆ ಕಿರಿದು ಹಿಂದೆ ಅಗಲ. ಕಾಲು ಉದ್ದ. ಮುಂದಿನ ಜೊತೆ ಕಾಲನ್ನು ನೆಲಕ್ಕೆ ಊರುವುದೇ ಕಡಿಮೆ. ಅವನ್ನು ಎತ್ತಿ ಆಡಿಸುತ್ತಾ ದಾರಿ ತಡಕುತ್ತದೆ. ಬೆಳಕು ಬಿದ್ದರೆ ಎಲೆಯ ನರದ ಪಕ್ಕಕ್ಕೆ ಓಡಿ ನಿಲ್ಲುತ್ತದೆ. ಅದೇ ನರದ ಮೂಲೆಯಲ್ಲಿ, ಎಲೆಯ ಕೂದಲಿನ ನಡುವೆ ಅದರ ಮೊಟ್ಟೆ ಸಿಗುತ್ತದೆ. ಆ ಮೊಟ್ಟೆ ಗುಂಡಗಲ್ಲ, ಉದ್ದುರುಟು. ಜೇಡ ನುಸಿಯ ಮೊಟ್ಟೆಗಿಂತ ದೊಡ್ಡದೂ ಹೌದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ಈ ಮೊಟ್ಟೆಯೇ. ನುಸಿ ಓಡಿ ಹೋಗಬಹುದು, ಮೊಟ್ಟೆ ಎಲ್ಲಿಗೂ ಹೋಗುವುದಿಲ್ಲ.

ತಾಳ್ಮೆ ಇದ್ದರೆ ಊಟವನ್ನೂ ನೋಡಬಹುದು. ಪರಭಕ್ಷಕ ಮುಂಗಾಲಿನಿಂದ ಜೇಡ ನುಸಿಯನ್ನು ತಡವುತ್ತದೆ, ಒಮ್ಮೆಲೇ ಹಿಡಿದು ಬಾಯಿ ಚುಚ್ಚುತ್ತದೆ. ಬೇಟೆಯ ಮೈ ನೋಡುನೋಡುತ್ತಿದ್ದಂತೆ ಚಪ್ಪಟೆಯಾಗುತ್ತದೆ, ಹಿಡಿದದ್ದರ ಹೊಟ್ಟೆ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ತೋರಿಸಿ. ಒಂದು ಸಲ ನೋಡಿದವರು ಮತ್ತೆ ಬಣ್ಣದ ಮಾತು ಎತ್ತುವುದಿಲ್ಲ.

ಎಚ್ಚರಿಕೆಗೆ ಎರಡು ಮಾತು. ಓಡುವುದೆಲ್ಲ ಪರಭಕ್ಷಕವಲ್ಲ. ಜೇಡ ನುಸಿಯ ಗಂಡು ಸಣ್ಣ, ಹಿಂಭಾಗ ಚೂಪು, ಹೆಣ್ಣಿಗಿಂತ ಚುರುಕು. ಟೈಡಿಡೇ ಕುಟುಂಬದ ನುಸಿಗಳೂ ಓಡುತ್ತವೆ. ಅವುಗಳಲ್ಲಿ ಹೆಚ್ಚಿನವು ಬೂಷ್ಟು, ಪರಾಗ ತಿಂದುಕೊಂಡಿರುತ್ತವೆ, ಬೆಳೆಗೆ ತೊಂದರೆ ಇಲ್ಲ. ಇನ್ನೊಂದು, ಕಾಲು ಎಣಿಸಿ ಆರೇ ಇದ್ದರೆ 'ಇದು ನುಸಿ ಅಲ್ಲ' ಎಂದು ತೀರ್ಮಾನಿಸಬೇಡಿ. ಮೊಟ್ಟೆಯಿಂದ ಬಂದ ನುಸಿ ಮರಿಗೆ ಸಾಮಾನ್ಯವಾಗಿ ಆರೇ ಕಾಲು, ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ.

ಲೆನ್ಸಿನಲ್ಲಿ ಇಷ್ಟೇ ಸಾಧ್ಯ: ಇದು ಪರಭಕ್ಷಕ ಗುಂಪಿನದು, ಇದು ಅಲ್ಲ. ಯಾವ ಪ್ರಭೇದ ಎಂದು ಫೋಟೋ ಕಳಿಸಿ ಕೇಳಿದರೆ ಯಾರಿಂದಲೂ ಹೇಳಲು ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಫೈಟೋಸಿಯಿಡೇ ಕುಟುಂಬವೊಂದರಲ್ಲೇ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ದೊಡ್ಡ ಹೆಣ್ಣು ನುಸಿಯನ್ನು ಸಣ್ಣ ಬ್ರಷ್ಷಿನಿಂದ ಎತ್ತಿ ಆಲ್ಕೋಹಾಲಿನಲ್ಲಿ ಇಟ್ಟು, ಗಾಜಿನ ಸ್ಲೈಡಿನ ಮೇಲೆ ಹೋಯರ್ಸ್ ದ್ರಾವಣದಲ್ಲಿ ಕೂರಿಸಿ, ಕಾಲುಗಳು ಬಿಡಿಸಿಕೊಳ್ಳುವ ಹಾಗೆ ಜೋಡಿಸಿ, ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಗ ಬೆನ್ನಿನ ಗಟ್ಟಿ ಫಲಕ, ಅದರ ಮೇಲಿನ ಕೂದಲುಗಳು ಒಂದೊಂದಾಗಿ ಕಾಣುತ್ತವೆ. ಈ ಕುಟುಂಬದಲ್ಲಿ ಅವು 24 ಜೊತೆಗಿಂತ ಕಡಿಮೆ. ಒಂದೊಂದು ಕೂದಲಿಗೂ ಅಕ್ಷರ, ಅಂಕಿಯ ಹೆಸರಿದೆ. ಯಾವುದು ಇದೆ, ಯಾವುದು ಇಲ್ಲ, ಯಾವುದು ಎಷ್ಟು ಉದ್ದ ಎಂಬುದೇ ವರ್ಗೀಕರಣದ ಬುಡ. ಈ ಕುಟುಂಬದ ಆಂಬ್ಲಿಸಿಯಸ್ ಎಂಬ ಕುಲ ಆದರೆ ಪಕ್ಕದಲ್ಲಿ ಒಂದು ಜೊತೆ, ಹಿಂದೆ ಎರಡು ಜೊತೆ ಕೂದಲು ಬಹಳ ಉದ್ದ. ಯೂಸಿಯಸ್ ಎಂಬ ಕುಲ ಆದರೆ ಉಸಿರಾಟದ ರಂಧ್ರದಿಂದ ಮುಂದಕ್ಕೆ ಹೋಗುವ ಗೆರೆ ಗಿಡ್ಡ. ಕೊನೆಗೆ ಹೆಣ್ಣಿನ ವೀರ್ಯ ಸಂಚಿಯ ಕುತ್ತಿಗೆ ಕೊಳವೆಯೋ, ಬಟ್ಟಲೋ, ಗಂಟೆಯೋ ಎಂದು ನೋಡಿ ಪ್ರಭೇದ ಹೇಳುತ್ತಾರೆ. ಅದಕ್ಕೇ ಹೆಣ್ಣೇ ಬೇಕು. ಈ ಪಟ್ಟಿಯಲ್ಲಿ ಬಣ್ಣ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಸ್ಲೈಡಿಗೆ ಹೋಗುವ ಹೊತ್ತಿಗೆ ಬಣ್ಣ ಹೋಗಿಯೇ ಬಿಟ್ಟಿರುತ್ತದೆ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣನವರು ತೆಂಗಿನ ನುಸಿ ಸೇರುವ ಎರಿಯೋಫಿಡ್ ಗುಂಪಿನ ಭಾರತದ ನುಸಿಗಳ ಬಗ್ಗೆ 1966ರಲ್ಲೇ ದೊಡ್ಡ ಕೃತಿ ಪ್ರಕಟಿಸಿದ್ದರು. 1986ರಲ್ಲಿ ನುಸಿ ವಿಜ್ಞಾನದ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ.

ರೈತರಿಗೆ ಕೂದಲಿನ ವರ್ಗೀಕರಣಕ್ಕಿಂತ ಊಟದ ವರ್ಗೀಕರಣ ಜಾಸ್ತಿ ಉಪಯೋಗ. 1997ರಲ್ಲಿ ಮ್ಯಾಕ್‌ಮರ್ಟ್ರಿ ಮತ್ತು ಕ್ರಾಫ್ಟ್ ಎಂಬ ಇಬ್ಬರು ವಿಜ್ಞಾನಿಗಳು ಫೈಟೋಸಿಯಿಡೇ ನುಸಿಗಳನ್ನು ತಿನ್ನುವ ಅಭ್ಯಾಸದ ಮೇಲೆ ನಾಲ್ಕು ಬಗೆ ಮಾಡಿದರು. ಮೊದಲನೆಯದಕ್ಕೆ ಬಲೆ ಕಟ್ಟುವ ಜೇಡ ನುಸಿಯೇ ಬೇಕು, ಅದು ಮುಗಿದರೆ ಹೊಲ ಬಿಟ್ಟು ಹೋಗುತ್ತದೆ ಅಥವಾ ಸಾಯುತ್ತದೆ. ಎರಡನೆಯದು ಜೇಡ ನುಸಿಯನ್ನು ಇಷ್ಟಪಡುತ್ತದೆ, ಬೇರೆಯದನ್ನೂ ತಿನ್ನುತ್ತದೆ. ನಮ್ಮಲ್ಲಿ ತರಕಾರಿ ಮೇಲೆ ಸಾಮಾನ್ಯವಾಗಿ ಸಿಗುವ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಈ ಬಗೆಯದು. ಮೂರನೆಯದು ಸಿಕ್ಕಿದ್ದನ್ನು ತಿನ್ನುತ್ತದೆ. ನಾಲ್ಕನೆಯದಕ್ಕೆ ಪರಾಗವೇ ಮುಖ್ಯ ಊಟ, ಯೂಸಿಯಸ್ ಅಂಥದ್ದು. ಹೊಲದ ಅಂಚಿನಲ್ಲಿ ಹರಳು, ಜೋಳ ಇದ್ದರೆ ಈ ಕೊನೆಯ ಎರಡು ಬಗೆ ಬೇಟೆ ಇಲ್ಲದ ಕಾಲದಲ್ಲೂ ಪರಾಗ ತಿಂದು ಬದುಕಿರುತ್ತವೆ. ಹಿಪ್ಪುನೇರಳೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸೊಪ್ಪು ರೇಷ್ಮೆ ಹುಳುವಿನ ಬಾಯಿಗೆ ಹೋಗುವುದರಿಂದ ನಿಮಗೆ ಔಷಧಿ ಹೊಡೆಯುವ ದಾರಿ ಮೊದಲೇ ಕಿರಿದು.

ಪಾಂಡವಪುರದವರ ಬದನೆಗೆ ನನ್ನ ಸಲಹೆ ಇದು. ಹೊಲದ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಎಲೆ ಕಿತ್ತು ನೋಡಿ. ಬಹುಪಾಲು ಎಲೆಗಳಲ್ಲಿ ಉದ್ದುರುಟು ಮೊಟ್ಟೆ, ಓಡುವ ಹೊಳಪು ನುಸಿ ಇದ್ದು, ಬಲೆ ಇನ್ನೂ ಹರಡಿಲ್ಲದಿದ್ದರೆ ಒಂದು ವಾರ ಕೈ ತಡೆದು ಮತ್ತೆ ನೋಡಿ. ಬಲೆ ಗಿಡದ ತುದಿಗೆ ಹತ್ತಿದ್ದರೆ ಕಾಯಬೇಡಿ. ಆದರೆ ಕೀಟನಾಶಕ ಬೇಡ, ನುಸಿಗೆಂದೇ ಇರುವ ನುಸಿನಾಶಕವನ್ನು ಕೇಳಿ ಪಡೆಯಿರಿ. ಅನುಮಾನ ಇದ್ದರೆ ಎಲೆಗಳನ್ನು ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅದೇ ದಿನ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಒಯ್ಯಿರಿ. ಮೈಸೂರು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು ಅನಿಸುತ್ತಿದೆ. ಎಲೆಯ ಮೇಲೆ ಎರಡೂ ಒಂದೇ ಥರ ಕಾಣುವ ಈ ತಿನ್ನುವ ನುಸಿ, ತಿನಿಸಾಗುವ ನುಸಿ ಹತ್ತಿರದ ಸಂಬಂಧಿಕರಲ್ಲ. ನುಸಿಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ಜೇಡ ನುಸಿ, ತೆಂಗಿನ ನುಸಿ ಒಂದು ಕವಲಿಗೆ ಸೇರಿವೆ. ಫೈಟೋಸಿಯಿಡೇ ಇನ್ನೊಂದಕ್ಕೆ. ಆ ಇನ್ನೊಂದು ಕವಲಿನಲ್ಲೇ ನಮ್ಮ ಹಸುವಿನ ಮೈಮೇಲಿನ ಉಣ್ಣೆ ಇದೆ, ಜೇನು ಪೆಟ್ಟಿಗೆಯವರು ಬೈಯುವ ವರ್ರೋವಾ ನುಸಿಯೂ ಇದೆ. ಉಸಿರಾಡುವ ರಂಧ್ರ ಎಲ್ಲಿದೆ ನೋಡಿದರೆ ಗೊತ್ತಾಗುತ್ತದೆ. ಜೇಡ ನುಸಿಗೆ ಅದು ಬಾಯಿಯ ಭಾಗಗಳ ಬುಡದಲ್ಲಿ. ಫೈಟೋಸಿಯಿಡೇಗೂ ಉಣ್ಣೆಗೂ ಮೈಯ ಪಕ್ಕದಲ್ಲಿ, ಹಿಂದಿನ ಕಾಲುಗಳ ಹತ್ತಿರ. ಬದನೆ ಎಲೆ ಅಡಿಯಲ್ಲಿ ನಿಮ್ಮ ಪರವಾಗಿ ಓಡಾಡುತ್ತಿರುವುದು ತಾನು ತಿನ್ನುವ ನುಸಿಗಿಂತ ಕೊಟ್ಟಿಗೆಯ ಉಣ್ಣೆಗೇ ಹತ್ತಿರದ ನೆಂಟ.