ಕಂಪನಿ ಕಟ್ಟಿದ ಊರು, ಕಂಪನಿಯೇ ಮಾರಿದ ಊರು: ಡಾಸನ್‌ನ ಐವತ್ತು ವರ್ಷ

1950ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಡಾಸನ್ ಎಂಬ ಊರಿನ ಕಲ್ಲಿದ್ದಲು ಗಣಿಗಳು ಮುಚ್ಚಿದವು. ಗಣಿ ಮುಚ್ಚಿದ ಮೇಲೆ ಊರು ನಿಧಾನಕ್ಕೆ ಸೊರಗುವುದು ಎಲ್ಲ ಕಡೆ ಇದ್ದದ್ದೇ. ಡಾಸನ್‌ಗೆ ಅಷ್ಟು ಸಮಯವೂ ಸಿಗಲಿಲ್ಲ. ಊರಿನ ಒಡೆತನವಿದ್ದ ಫೆಲ್ಪ್ಸ್ ಡಾಜ್ ಎಂಬ ಗಣಿ ಕಂಪನಿ ಇಡೀ ಊರನ್ನೇ ಫೀನಿಕ್ಸ್ ನಗರದ ಒಂದು ಗುಜರಿ ಸಂಸ್ಥೆಗೆ ಮಾರಿಬಿಟ್ಟಿತು. ಕೆಲವು ಮನೆಗಳನ್ನು ಎತ್ತಿ ಬೇರೆ ಕಡೆಗೆ ಸಾಗಿಸಿದರು. ಉಳಿದ ಬಹುಪಾಲನ್ನು ಕೆಡವಿ ಮರ, ಕಬ್ಬಿಣ, ಯಂತ್ರ ಬಿಚ್ಚಿಕೊಂಡು ಹೋದರು.

ಅಲ್ಲಿ ವಾಸವಿದ್ದವರ ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಒಂದು ಕಾಲಕ್ಕೆ ಸುಮಾರು ಆರು ಸಾವಿರ ಜನ ಬಾಳಿದ ಊರು ಅದು. ಆದರೆ ಗಣಿ ಕೆಲಸಗಾರರು ಇದ್ದದ್ದೆಲ್ಲ ಕಂಪನಿಯ ಬಾಡಿಗೆ ಮನೆಗಳಲ್ಲಿ.

ಊರಿಗೆ ಹೆಸರು ಬಂದದ್ದು ಜಾನ್ ಬಾರ್ಕ್ಲಿ ಡಾಸನ್ ಎಂಬ ದನಗಾಹಿ ಜಮೀನ್ದಾರನಿಂದ. 1869ರಲ್ಲಿ ಆತ ವರ್ಮೆಹೋ ಹೊಳೆಯ ಕಣಿವೆಯಲ್ಲಿ ಜಮೀನು ಕೊಂಡ. ನೆಲದಲ್ಲಿ ಕಲ್ಲಿದ್ದಲು ಕಣ್ಣಿಗೇ ಕಾಣುತ್ತಿತ್ತು. ಮನೆಯ ಒಲೆಗೆ ಸೌದೆಯ ಬದಲು ಅದನ್ನೇ ಉರಿಸಿದ, ನೆರೆಯವರಿಗೂ ಒಂದಿಷ್ಟು ಮಾರಿದ. 1901ರಲ್ಲಿ ಜಮೀನಿನ ಬಹುಪಾಲನ್ನು ಒಂದು ಇಂಧನ ಕಂಪನಿಗೆ ಕೊಟ್ಟ. ಟುಕುಮ್‌ಕ್ಯಾರಿಯಿಂದ ರೈಲು ಹಳಿ ಬಂತು. 1906ರಲ್ಲಿ ಎಲ್ಲವೂ ಫೆಲ್ಪ್ಸ್ ಡಾಜ್ ಕಂಪನಿಯ ಕೈ ಸೇರಿತು.

ಫೆಲ್ಪ್ಸ್ ಡಾಜ್‌ನ ಮುಖ್ಯ ಕಸುಬು ತಾಮ್ರ. ಹಾಗಾದರೆ ಕಲ್ಲಿದ್ದಲಿನ ಊರು ಯಾಕೆ ಬೇಕಿತ್ತು? ಅರಿಜೋನಾದಲ್ಲಿ ಅದಕ್ಕೆ ತಾಮ್ರದ ಅದಿರು ಕರಗಿಸುವ ಕುಲುಮೆಗಳಿದ್ದವು. ಕುಲುಮೆಗೆ ಹಸಿ ಕಲ್ಲಿದ್ದಲು ಆಗುವುದಿಲ್ಲ. ಗಾಳಿ ಹೆಚ್ಚು ತಾಗದಂತೆ ಭಟ್ಟಿಯಲ್ಲಿ ಸುಟ್ಟು, ಅದರ ಅನಿಲ ಮತ್ತು ಟಾರು ಹೋದ ಮೇಲೆ ಉಳಿಯುವ ಕೋಕ್ ಬೇಕು. ಡಾಸನ್‌ನಲ್ಲಿ ಕೋಕ್ ಭಟ್ಟಿಗಳ ಸಾಲುಗಳೇ ಇದ್ದವು. ಇನ್ನು ಕಂಪನಿಗೆ ತನ್ನದೇ ಒಂದು ರೈಲ್ವೆಯೂ ಇತ್ತು, ಎಲ್ ಪಾಸೋ ಆ್ಯಂಡ್ ಸೌತ್‌ವೆಸ್ಟರ್ನ್ ಅಂತ. ಅದರ ಇಂಜಿನ್‌ಗಳಿಗೂ ಇಲ್ಲಿನ ಕಲ್ಲಿದ್ದಲೇ.

ಕೆಲಸಕ್ಕೆ ಇಟಲಿ, ಗ್ರೀಸ್, ಮೆಕ್ಸಿಕೋ ಹಾಗೂ ಪೂರ್ವ ಯುರೋಪಿನಿಂದ ಜನ ಬಂದರು. ಆ ಕಾಲದ ಕಲ್ಲಿದ್ದಲು ಕಂಪನಿಗಳು ಬೇರೆ ಬೇರೆ ಭಾಷೆಯವರನ್ನು ಬೇಕೆಂದೇ ಬೆರೆಸಿ ಇಡುತ್ತಿದ್ದವು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೆ ಸಂಘ ಕಟ್ಟುವುದು ಕಷ್ಟ ಅಲ್ವಾ?

ನ್ಯಾಯವಾಗಿ ಹೇಳಬೇಕೆಂದರೆ ಡಾಸನ್ ಕೊಳಕು ಕ್ಯಾಂಪ್ ಆಗಿರಲಿಲ್ಲ. ಆಸ್ಪತ್ರೆ, ಶಾಲೆ, ಚರ್ಚು, ಈಜುಕೊಳ, ಗಾಲ್ಫ್ ಮೈದಾನ, ಜೊತೆಗೆ ನಾಟಕ, ಸಂಗೀತಕ್ಕೆಂದೇ ಒಂದು ದೊಡ್ಡ ಒಪೆರಾ ಹೌಸ್ ಇತ್ತು. ಉಪ್ಪಿನಿಂದ ಹಿಡಿದು ಮಂಚದವರೆಗೆ ಎಲ್ಲ ಸಿಗುವ ಕಂಪನಿ ಅಂಗಡಿ ಇತ್ತು. ಸುತ್ತಲಿನ ಎಷ್ಟೋ ಗಣಿ ಊರುಗಳಿಗಿಂತ ಇಲ್ಲಿನ ಬದುಕು ಮೇಲು. ಇಲ್ಲಿ ಬೆಳೆದ ಮಕ್ಕಳು ಮುದುಕರಾದ ಮೇಲೂ ಊರನ್ನು ಪ್ರೀತಿಯಿಂದಲೇ ನೆನೆದರು.

ತೊಡಕು ಇದ್ದದ್ದು ಬೇರೆ ಕಡೆ. ಕೂಲಿ ಕೊಡುವವನೂ, ಬಾಡಿಗೆ ಹಿಡಿಯುವವನೂ, ಅಂಗಡಿ ಇಟ್ಟವನೂ, ಡಾಕ್ಟರನ್ನು ನೇಮಿಸುವವನೂ ಒಬ್ಬನೇ. ಕೆಲಸ ಹೋದರೆ ಮನೆಯೂ ಹೋಯಿತು. ಕಂಪನಿ ಏನು ಕೊಡಲಿ ಬಿಡಲಿ, ಕೇಳುವ ಅಧಿಕಾರ ಜನರಿಗಿರಲಿಲ್ಲ. 1913ರ ಸೆಪ್ಟೆಂಬರ್‌ನಲ್ಲಿ ಗಡಿಯಾಚೆ ಕೊಲರಾಡೋದ ಗಣಿ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಕೂಲಿಯ ಮಾತಿನ ಜೊತೆ ಇವೂ ಇದ್ದವು: ನಮಗೆ ಬೇಕಾದ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಬಿಡಿ, ಬೇಕಾದ ಡಾಕ್ಟರ ಹತ್ತಿರ ಹೋಗಲು ಬಿಡಿ, ಬೇಕಾದ ಮನೆಯಲ್ಲಿರಲು ಬಿಡಿ. ಮುಷ್ಕರ ಶುರುವಾದ ಕೂಡಲೇ ಅವರು ಕಂಪನಿ ಮನೆ ಬಿಟ್ಟು ಡೇರೆ ಹಾಕಿಕೊಳ್ಳಬೇಕಾಯಿತು. 1914ರ ಏಪ್ರಿಲ್ 20ರಂದು ಲಡ್ಲೋದಲ್ಲಿ ಆ ಡೇರೆಗಳಿಗೆ ಬೆಂಕಿ ಬಿತ್ತು. ಒಂದೇ ಡೇರೆಯ ಕೆಳಗೆ ತೋಡಿದ್ದ ಗುಂಡಿಯಲ್ಲಿ ಇಬ್ಬರು ಹೆಂಗಸರು, 11 ಮಕ್ಕಳು ಉಸಿರುಗಟ್ಟಿ ಸತ್ತರು.

ಆ ಮುಷ್ಕರ ಶುರುವಾಗಿ ಒಂದು ತಿಂಗಳು ತುಂಬುವ ಮೊದಲೇ ಡಾಸನ್‌ನಲ್ಲಿ ದುರಂತ ನಡೆಯಿತು. 1913ರ ಅಕ್ಟೋಬರ್ 22, ಬುಧವಾರ ಮಧ್ಯಾಹ್ನ ಎರಡನೇ ನಂಬರಿನ ಗಣಿ ಸ್ಫೋಟಿಸಿತು. 263 ಮಂದಿ ಸತ್ತರು, ಅವರಲ್ಲಿ ಇಬ್ಬರು ರಕ್ಷಣೆಗೆಂದು ಒಳಗೆ ಹೋದವರು. ಬದುಕಿದವರು 23. ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯವರು. ಅಮೆರಿಕದ ಗಣಿ ದುರಂತಗಳಲ್ಲಿ ಇದಕ್ಕಿಂತ ದೊಡ್ಡದು ಒಂದೇ, 1907ರಲ್ಲಿ ವೆಸ್ಟ್ ವರ್ಜೀನಿಯಾದ ಮೊನೊಂಗಾ ಗಣಿಯಲ್ಲಿ ಆದದ್ದು.

ಎರಡೇ ದಿನ ಮುಂಚೆ ತಪಾಸಣೆ ಮಾಡಿದ ರಾಜ್ಯದ ಅಧಿಕಾರಿ ಗಣಿಯಲ್ಲಿ ಅನಿಲವಿಲ್ಲ, ಎಲ್ಲ ಚೆನ್ನಾಗಿದೆ ಎಂದಿದ್ದರು. ಅವರ ಮಾತು ನಿಜವೇ ಇರಬಹುದು. ಗಣಿ ಸಿಡಿಯಲು ಅನಿಲವೇ ಬೇಕೆಂದಿಲ್ಲ, ಕಲ್ಲಿದ್ದಲಿನ ದೂಳು ಸಾಕು. ನೆಲದ ಮೇಲೆ ಬಿದ್ದಿರುವ ದೂಳು ಸುಮ್ನೆ ಇರುತ್ತದೆ. ಗಾಳಿಗೆ ಎದ್ದರೆ ಒಂದು ಕಿಡಿಗೆ ಭಗ್ಗನೆ ಹತ್ತುತ್ತದೆ. ಆ ಸ್ಫೋಟದ ಹೊಡೆತಕ್ಕೆ ಮುಂದಿನ ಸುರಂಗದ ದೂಳು ಏಳುತ್ತದೆ, ಅದೂ ಹತ್ತುತ್ತದೆ. ಹೀಗೆ ಬೆಂಕಿ ತನಗೆ ಬೇಕಾದ ಮೇವನ್ನು ತಾನೇ ಎಬ್ಬಿಸಿಕೊಂಡು ಓಡುತ್ತದೆ. ಬೆಂಕಿಗೆ ಸಿಗದವರನ್ನು ಹಿಂದೆಯೇ ಬರುವ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ಇದನ್ನು ತಡೆಯುವ ದಾರಿ ಗೊತ್ತಿಲ್ಲದ್ದೇನಲ್ಲ. ದೂಳಿಗೆ ನೀರು ಚಿಮುಕಿಸಬೇಕು, ಇಲ್ಲವೇ ಸುಣ್ಣಕಲ್ಲಿನ ಪುಡಿ ಬೆರೆಸಿ ಅದು ಉರಿಯದಂತೆ ಮಾಡಬೇಕು. ಸಿಡಿಮದ್ದು ಹಾರಿಸುವಾಗ ಒಳಗೆ ಒಬ್ಬರೂ ಇರಬಾರದು. ಆ ದಿನ ಮುರಿದದ್ದು ಈ ಕೊನೆಯ ನಿಯಮ. ಕೆಲಸ ನಡೆಯುತ್ತಿರುವಾಗಲೇ ಯಾರೋ ಡೈನಮೈಟ್ ಸಿಡಿಸಿದರು ಎಂದು ತನಿಖೆ ಹೇಳಿತು. ತಪ್ಪು ಸತ್ತ ಕೆಲಸಗಾರನ ತಲೆಗೆ ಬಂತು. ಆದರೆ ಆಗ ಗಣಿಗಳಲ್ಲಿ ಕೂಲಿ ಲೆಕ್ಕ ಹಾಕುತ್ತಿದ್ದದ್ದು ತೆಗೆದ ಕಲ್ಲಿದ್ದಲಿನ ತೂಕದ ಮೇಲೆ. ಟನ್ನಿನ ಲೆಕ್ಕದಲ್ಲಿ ಹೊಟ್ಟೆ ತುಂಬಬೇಕಾದವನು ಅವಸರ ಮಾಡಿದರೆ ಅದರಲ್ಲಿ ಲೆಕ್ಕ ಹಾಕಿಟ್ಟವರ ಪಾಲೂ ಇದೆ ಎಂದೇ ನನ್ನ ಅನಿಸಿಕೆ.

1923ರ ಫೆಬ್ರವರಿ 8ರಂದು ಒಂದನೇ ನಂಬರಿನ ಗಣಿಯ ಸರದಿ. ಗಣಿಯೊಳಗಿನ ಗಾಡಿ ಹಳಿ ತಪ್ಪಿ ಮರದ ಕಂಬಗಳಿಗೆ ಗುದ್ದಿತು, ವಿದ್ಯುತ್ ತಂತಿ ಕಿಡಿ ಕಾರಿತು, ಎದ್ದ ದೂಳು ಹೊತ್ತಿಕೊಂಡಿತು. ಸುಮಾರು 120 ಮಂದಿ ಸತ್ತರು. ಹತ್ತು ವರ್ಷದ ಹಿಂದೆ ಅಪ್ಪನನ್ನು ಕಳೆದುಕೊಂಡ ಹುಡುಗರೂ ಇವರಲ್ಲಿದ್ದರು. ಗಂಡ ಸತ್ತ ಗಣಿ ಊರಲ್ಲೇ ಮಗನನ್ನೂ ಯಾಕೆ ಕೆಲಸಕ್ಕೆ ಕಳಿಸಿದರು ಎಂದು ಕೇಳಬಹುದು. ಕಂಪನಿ ಮನೆಯಲ್ಲಿ ಉಳಿಯಬೇಕಿದ್ದರೆ ಮನೆಯ ಯಾರಾದರೂ ಕಂಪನಿಗೆ ದುಡಿಯಬೇಕಿತ್ತು.

ಕಂಪನಿಯ ಇನ್ನೊಂದು ಮುಖ ಕಂಡದ್ದು ಈ ಎರಡು ಸ್ಫೋಟಗಳ ನಡುವೆ, ಅರಿಜೋನಾದ ಬಿಸ್ಬೀಯಲ್ಲಿ. 1917ರ ಜುಲೈ 12ರಂದು ಅಲ್ಲಿ ಮುಷ್ಕರ ನಡೆಸುತ್ತಿದ್ದ ತಾಮ್ರದ ಗಣಿ ಕೆಲಸಗಾರರನ್ನೂ ಅವರ ಪರ ನಿಂತವರನ್ನೂ ಬಂದೂಕು ತೋರಿಸಿ ದನದ ಬೋಗಿಗಳಿಗೆ ತುಂಬಿದರು. ಸುಮಾರು 1,200 ಜನರನ್ನು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಇಳಿಸಿ ಬಂದರು. ಹೊತ್ತೊಯ್ದ ರೈಲು ಅದೇ ಎಲ್ ಪಾಸೋ ಆ್ಯಂಡ್ ಸೌತ್‌ವೆಸ್ಟರ್ನ್‌ನದು. ಒಪೆರಾ ಹೌಸ್ ಕಟ್ಟಿದ ಕಂಪನಿಯೂ ಇದೇ, ಹೀಗೆ ಮಾಡಿಸಿದ ಕಂಪನಿಯೂ ಇದೇ.

ಆಮೇಲಿನ ಕಥೆ ಚಿಕ್ಕದು. ರೈಲುಗಳು ಡೀಸೆಲ್‌ಗೆ ಹೊರಳಿದವು, ಮನೆ ಮತ್ತು ಕಾರ್ಖಾನೆಗಳಿಗೆ ಎಣ್ಣೆ, ಗ್ಯಾಸ್ ಬಂತು. ಡಾಸನ್‌ನ ಕಲ್ಲಿದ್ದಲಿಗೆ ಗಿರಾಕಿ ಇಲ್ಲವಾದರು. ಇವತ್ತು ಅಲ್ಲಿ ಮುಖ್ಯವಾಗಿ ಉಳಿದಿರುವುದು ಸ್ಮಶಾನ. ಬಿಳಿ ಬಣ್ಣ ಬಳಿದ ನೂರಾರು ಕಬ್ಬಿಣದ ಶಿಲುಬೆಗಳಿವೆ. 1992ರಲ್ಲಿ ಅದು ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಹಳೆಯ ಊರಿನವರು, ಅವರ ಮಕ್ಕಳು ಮೊಮ್ಮಕ್ಕಳು ಎರಡು ವರ್ಷಕ್ಕೊಮ್ಮೆ ಅಮೆರಿಕದ ಕಾರ್ಮಿಕ ದಿನದ (ಸೆಪ್ಟೆಂಬರ್) ರಜೆಯಲ್ಲಿ ಅಲ್ಲಿ ಬಂದು ಸೇರಿ ಊಟ ಮಾಡುವ ರೂಢಿಯನ್ನೂ ಇಟ್ಟುಕೊಂಡರು.

ಊರು ಅಳಿದರೂ ಅಲ್ಲಿ ಹುಟ್ಟಿದವರು ಬೇರೆ ಕಡೆ ಬೆಳೆದರು. 1930ರಲ್ಲಿ ಡಾಸನ್‌ನಲ್ಲಿ ಹುವಾನ್ ಫೆರ್ನಾಂಡಿಸ್ ಎಂಬ ಗಣಿ ಕೆಲಸಗಾರನಿಗೆ ಒಬ್ಬ ಮಗಳು ಹುಟ್ಟಿದಳು. ಮುಂದೆ ಅಪ್ಪ ಕಾರ್ಮಿಕ ಸಂಘಕ್ಕೆ ದುಡಿದು 1938ರಲ್ಲಿ ರಾಜ್ಯದ ಶಾಸಕನಾದ. ಅಪ್ಪ ಅಮ್ಮ ಬೇರೆಯಾದ ಮೇಲೆ ಮಗಳು ಅಮ್ಮನ ಜೊತೆ ಕ್ಯಾಲಿಫೋರ್ನಿಯಾ ಸೇರಿದಳು. ಅವಳೇ ಡೊಲೊರೆಸ್ ಹುಯೆರ್ಟಾ. 1962ರಲ್ಲಿ ಕಾರ್ಮಿಕ ನಾಯಕ ಸೀಸರ್ ಚಾವೆಜ್ ಜೊತೆ ಕೃಷಿ ಕೂಲಿಗಳ ಸಂಘ ಕಟ್ಟಿದರು. ಆ ಕೂಲಿಗಳಲ್ಲಿ ಎಷ್ಟೋ ಜನ ಬದುಕುತ್ತಿದ್ದದ್ದು ತೋಟದ ಮಾಲೀಕರ ಕ್ಯಾಂಪುಗಳಲ್ಲಿ. ತೋಟದ ಮಾಲೀಕರು ಮಣಿಯುವವರೆಗೆ ದ್ರಾಕ್ಷಿ ಕೊಳ್ಳಬೇಡಿ ಎಂದು ಸಂಘ ಜನರಿಗೆ ಕರೆ ಕೊಟ್ಟ ಬಹಿಷ್ಕಾರದ ವರ್ಷಗಳ ನಂತರ, 1975ರಲ್ಲಿ, ತಮ್ಮ ಸಂಘವನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು ಕ್ಯಾಲಿಫೋರ್ನಿಯಾದ ಕಾನೂನು ಅವರಿಗೆ ಕೊಟ್ಟಿತು.