ಮಳೆಗಾಲದಲ್ಲಿ ಮನೆಯೊಳಗಿನ ಗಾಳಿ: ಮಲೆನಾಡಿನ ಲೆಕ್ಕ

ಮನೆಯೊಳಗಿನ ಗಾಳಿ ಚೆನ್ನಾಗಿರಬೇಕಾದರೆ ಕಿಟಕಿ ತೆರೆದಿಡಿ. ಯಾವ ಪಠ್ಯ ತೆಗೆದರೂ ಮೊದಲು ಸಿಗುವ ಸಲಹೆ ಇದು. ಕೊಪ್ಪ, ಶೃಂಗೇರಿ, ಕೊಟ್ಟಿಗೆಹಾರದ ಕಡೆಯವರಿಗೆ ಜುಲೈ ತಿಂಗಳಲ್ಲಿ ಇದನ್ನು ಹೇಳಿ ನೋಡಿ, ನಗುತ್ತಾರೆ. ಹೊರಗೆ ಎಡೆಬಿಡದ ಮಳೆ, ಕಿಟಕಿ ತೆರೆದರೆ ಹಾಸಿಗೆಯೆಲ್ಲ ತಣ್ಣಗೆ ತೇವ. ಹಾಗಂತ ಸಲಹೆಯೇ ತಪ್ಪು ಅಂತಲ್ಲ. ಯಾವ ಕೋಣೆಯ ಕಿಟಕಿ, ಯಾವಾಗ ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು. ಈ ಟಿಪ್ಪಣಿಯ ಮುಖ್ಯ ಭಾಗ ಅದೇ.

ತೇವದ ಲೆಕ್ಕ

ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 17.3 ಗ್ರಾಂ ನೀರಾವಿ ಹಿಡಿಯುತ್ತದೆ. 21ರಲ್ಲಿ 18.3 ಗ್ರಾಂ, 25ರಲ್ಲಿ 23 ಗ್ರಾಂ. ಹವಾಮಾನ ವರದಿಯಲ್ಲಿ ಹೇಳುವ ತೇವಾಂಶದ ಶೇಕಡಾವಾರು ಅಂದರೆ ಈ ಗರಿಷ್ಠದಲ್ಲಿ ಎಷ್ಟು ಪಾಲು ತುಂಬಿದೆ ಎಂಬುದು ಮಾತ್ರ. ನಿಜವಾಗಿ ಎಷ್ಟು ನೀರಿದೆ ಎಂದು ಅದೊಂದರಿಂದಲೇ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಹಾಕೋಣ. ಹೊರಗೆ 20 ಡಿಗ್ರಿ, ತೇವಾಂಶ ಶೇ. 95. ಅಂದರೆ 16.4 ಗ್ರಾಂ ನೀರಾವಿ. ಅಡುಗೆ ಮುಗಿದ ಹೊತ್ತಿಗೆ ಅಡುಗೆಮನೆ 25 ಡಿಗ್ರಿ, ಶೇ. 85. ಅಲ್ಲಿ 19.5 ಗ್ರಾಂ ಇದೆ. ಈಗ ಕಿಟಕಿ ತೆರೆದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಮಳೆ ಸುರಿಯುತ್ತಿದ್ದರೂ! ಹೊರಗಿನ ಆ ಗಾಳಿ ಒಳಗೆ ಬಂದು 25 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ. 71ಕ್ಕೆ ಇಳಿದಿರುತ್ತದೆ. (ಗಾಳಿ ಹಿಗ್ಗುವುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ವ್ಯತ್ಯಾಸ ಸಣ್ಣದು.)

ಅದೇ ಹೊತ್ತಿಗೆ ಯಾರೂ ಮಲಗದ ಕೊನೆಯ ಕೋಣೆ 21 ಡಿಗ್ರಿ, ಅಲ್ಲೂ ಶೇ. 85. ನೀರಾವಿ 15.6 ಗ್ರಾಂ ಮಾತ್ರ. ಇಲ್ಲಿ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಎರಡು ಕೋಣೆಯಲ್ಲೂ ಶೇಕಡಾವಾರು ಒಂದೇ, ಉತ್ತರ ಮಾತ್ರ ತದ್ವಿರುದ್ಧ.

ಹಾಗಾಗಿ ಬೆಚ್ಚಗೆ ಹಬೆಯಾಡುವ ಅಡುಗೆಮನೆ, ಬಚ್ಚಲುಮನೆಗಳನ್ನು ಮಳೆಯಲ್ಲೂ ತೆರೆಯಿರಿ. ತಣ್ಣಗಿರುವ ಕೋಣೆಯನ್ನು ಬಿಸಿಲು ಬೀಳುವವರೆಗೆ ಮುಚ್ಚಿಡಿ. ತಾಪಮಾನ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರ್‌ಗಳು ಕಡಿಮೆ ಬೆಲೆಗೇ ಸಿಗುತ್ತವೆ. ಒಂದಿದ್ದರೆ ಊಹೆ ಮಾಡುವ ಕೆಲಸ ಇಲ್ಲ.

ಇಷ್ಟೊಂದು ನೀರು ಎಲ್ಲಿಂದ?

ಎಲ್ಲವೂ ಮಳೆಯದ್ದಲ್ಲ. ಅಡುಗೆ ಅನಿಲ ಉರಿದಾಗ ನೀರು ಹುಟ್ಟುತ್ತದೆ. 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರು, 58 ಗ್ರಾಂ ಬ್ಯೂಟೇನ್‌ಗೆ 90 ಗ್ರಾಂ. ಸರಾಸರಿ ಹಿಡಿದರೆ ಒಂದು ಕಿಲೋ ಅನಿಲಕ್ಕೆ ಸುಮಾರು 1.6 ಕಿಲೋ ನೀರು. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 22ರಿಂದ 23 ಲೀಟರ್ ನೀರು ಆವಿಯಾಗಿ ಅಡುಗೆಮನೆಗೆ ಬಂದಿರುತ್ತದೆ. ಅನ್ನ, ಸಾರು ಕುದಿಯುವ ಹಬೆ ಬೇರೆ. ಒಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆಯದ್ದು ಮತ್ತೂ ಬೇರೆ.

ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವಾಗಲೇ ಹಾಕಿ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಬಿಡಿ. ಫ್ಯಾನ್ ಎಳೆದಷ್ಟು ಗಾಳಿ ಇನ್ನೊಂದು ಕಡೆಯಿಂದ ಒಳಬರಬೇಕು. ಎಲ್ಲಾ ಮುಚ್ಚಿದ್ದರೆ ಪಕ್ಕದ ಬಚ್ಚಲ ಒಲೆಯ ಹೊಗೆಯೇ ಚಿಮಣಿಯಿಂದ ವಾಪಸ್ ಒಳಗೆ ಬರಬಹುದು.

ಹಳೆಯ ಹಂಚಿನ ಮನೆಯಲ್ಲಿ ಹಂಚಿನ ಸಂದಿಯಲ್ಲೇ ಗಾಳಿ ಆಡುತ್ತಿತ್ತು. ಆರ್‌ಸಿಸಿ ತಾರಸಿ, ಬಿಗಿಯಾದ ಕಿಟಕಿ ಬಂದ ಮೇಲೆ ಆ ದಾರಿ ಮುಚ್ಚಿತು. ಅದಕ್ಕೇ ಹೊಸ ಮನೆಗಳ ಗೋಡೆಯಲ್ಲಿ, ಅದರಲ್ಲೂ ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಬೂಷ್ಟು ಜಾಸ್ತಿ. ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆದಿಡಿ. ಬೂಷ್ಟಿನ ಮೇಲೆ ಪೇಂಟ್ ಹೊಡೆಸುವುದು ದುಡ್ಡು ದಂಡ. ಗೋಡೆ ಒಣಗದಿದ್ದರೆ ಅದು ಮತ್ತೆ ಬರುತ್ತದೆ. ಒಣ ಪೊರಕೆಯಲ್ಲಿ ಕೆರೆಯಬೇಡಿ, ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಚಿಂಗ್ ಪೌಡರ್ ಬಳಸುವವರು ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಲೇಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ಹೊಗೆ

ಹಂಚಿನ ಮನೆಯನ್ನು ಹೊಗಳಿ ಬಿಡುವ ಹಾಗೂ ಇಲ್ಲ. ಅದೇ ಮನೆಯ ಹೆಂಗಸರು ಜೀವಮಾನವಿಡೀ ಹೊಗೆ ಕುಡಿದರು. ಸೌದೆ ಹೊಗೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ 24 ಗಂಟೆಯ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ಭಾರತದ 2009ರ ಮಾನದಂಡದಲ್ಲಿ ಹೊರಗಾಳಿಗೆ ಇರುವ ಮಿತಿ 60.

ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ಹಂಡೆಗೆ ಇನ್ನೂ ಸೌದೆಯೇ ಅಲ್ವಾ? ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳಿನ ಮರಗಳ ರೆಂಬೆ ಸವರಿದಾಗ, ಬಿದ್ದ ಕೊಂಬೆ, ಅಡಿಕೆ ಸಿಪ್ಪೆ, ಪುಕ್ಕಟೆ ಉರುವಲು. ಹಸಿ ಸೌದೆಯ ಶಾಖ ಅದರೊಳಗಿನ ನೀರು ಆರಿಸುವುದಕ್ಕೇ ಹೋಗುತ್ತದೆ. ಉರಿ ತಣ್ಣಗಾಗಿ ಹೊಗೆ ಹೆಚ್ಚುತ್ತದೆ. ಬೇಸಿಗೆಯಲ್ಲೇ ಕೊಟ್ಟಿಗೆಗೆ ಒಣ ಸೌದೆ ತುಂಬಿಸುವ ಪದ್ಧತಿಗೆ ಇದೇ ಕಾರಣ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಹೊಗೆಯನ್ನು ಚಿಮಣಿಯ ಮೂಲಕ ಹೊರಗೆ ಕಳಿಸುತ್ತದೆ. ಆದರೆ ಚಿಮಣಿಯ ಮಸಿ ತೆಗೆಯದಿದ್ದರೆ ಅದೂ ಮಾಮೂಲಿ ಒಲೆಯೇ.

ಸೊಳ್ಳೆ ಬತ್ತಿಯನ್ನು ಯಾರೂ ಹೊಗೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಉರಿದು ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಸೊಳ್ಳೆಪರದೆಗೆ ಹೊಗೆಯೂ ಇಲ್ಲ, ದಿನದ ಖರ್ಚೂ ಇಲ್ಲ.

ವಾಸನೆ ಇಲ್ಲದ ಅಪಾಯ

ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ಗಾಳಿ ಸಾಲದೆ ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೋರಿದಾಗ ಮೂಗಿಗೆ ಬಡಿಯುವ ವಾಸನೆ ಅಡುಗೆ ಅನಿಲಕ್ಕೆ ಬೇಕೆಂದೇ ಸೇರಿಸಿದ್ದು. ಕಾರ್ಬನ್ ಮೊನಾಕ್ಸೈಡ್‌ಗೆ ಅಂಥ ಯಾವ ಎಚ್ಚರಿಕೆಯೂ ಇರುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದಾಗ ಜನ ಸುಮ್ನೆ ಸುಸ್ತು ಅಂದುಕೊಳ್ಳುತ್ತಾರೆ.

ಎರಡು ಕಡೆ ಹುಷಾರಾಗಿರಬೇಕು. ಒಂದು, ಬಾಗಿಲು ಮುಚ್ಚಿದ ಸಣ್ಣ ಬಚ್ಚಲೊಳಗೆ ಕೂರಿಸಿದ ಗ್ಯಾಸ್ ಗೀಸರ್. ಅದನ್ನು ಹೊರಗೋಡೆಗೆ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಇನ್ನೊಂದು, ಚಳಿಗೆ ಮಲಗುವ ಕೋಣೆಯಲ್ಲಿಡುವ ಅಗ್ಗಿಷ್ಟಿಕೆ. ಕೆಂಡದಲ್ಲಿ ಹೊಗೆ ಕಾಣದಿದ್ದರೂ ಈ ಅನಿಲ ಬರುತ್ತಲೇ ಇರುತ್ತದೆ.

ಗಿಡ, ಯಂತ್ರ ಇತ್ಯಾದಿ

ಕುಂಡದ ಗಿಡ ಗಾಳಿ ಶುದ್ಧ ಮಾಡುತ್ತದೆ ಎಂಬ ಮಾತಿಗೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದಿದ್ದು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆಯಲ್ಲಿ ನಾಲ್ಕು ಕುಂಡದಿಂದ ಆಗುವ ಲಾಭ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅವು ತೇವವನ್ನೇ ಸೇರಿಸುತ್ತವೆ. ಚೆಂದಕ್ಕೆ ಇಡಿ, ಜಗಲಿಯಲ್ಲಿಡಿ.

ಏರ್ ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ 0.3 ಮೈಕ್ರೋಮೀಟರ್ ಕಣಗಳಲ್ಲೂ ಶೇ. 99.97ನ್ನು ಹಿಡಿಯುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡನ್ನಾಗಲಿ ತೇವವನ್ನಾಗಲಿ ತೆಗೆಯುವುದಿಲ್ಲ. ನನ್ನ ಕೇಳಿದರೆ ನಮ್ಮ ಕಡೆ ಆ ದುಡ್ಡಿಗೆ ಮೊದಲು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಬರಲಿ. ಕಡೂರು, ಅರಸೀಕೆರೆಯ ಬಯಲು ಸೀಮೆಯವರಿಗೆ ತೇವಕ್ಕಿಂತ ಧೂಳಿನ ಕಾಟ ಜಾಸ್ತಿ. ಅಲ್ಲಿ ಪ್ಯೂರಿಫೈಯರ್ ಉಪಯೋಗಕ್ಕೆ ಬರಬಹುದು, ಅದಕ್ಕೂ ಮೊದಲು ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ ನೋಡಿ. ಓಝೋನ್ ಬಿಡುವ ಯಂತ್ರವನ್ನಂತೂ ಯಾರೂ ಕೊಳ್ಳಬೇಡಿ. ಓಝೋನ್ ಶ್ವಾಸಕೋಶವನ್ನೇ ಕೆರಳಿಸುತ್ತದೆ.